ಕಾಶಿಯಲ್ಲಿ ಬಿಡಲು ಒಂದು ರುಚಿ

ಕಾಶಿಗೆ ಹೋದವರು ತಮಗೆ ಇಷ್ಟವಾದ ತಿನಿಸೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕು, ಆಮೇಲೆ ಸಾಯುವ ತನಕ ಅದನ್ನು ಬಾಯಿಗೆ ಹಾಕಬಾರದು. ಇದು ನಮ್ಮ ಕಡೆಯ ರೂಢಿ. ರೂಢಿ ಮಾಡಿದವರು ಜಾಣರು, ಪಾಲಿಸುವವರು ಅವರಿಗಿಂತ ಜಾಣರು. ಧಾರವಾಡದ ನಮ್ಮ ಓಣಿಯಲ್ಲಿ ಕಾಶಿಗೆ ಹೋಗಿ ಬಂದವರನ್ನೆಲ್ಲ ವಿಚಾರಿಸಿ ನೋಡಿದರೆ, ಗಂಗಾಮಾತೆಯ ಪಾಲಿಗೆ ಬಂದದ್ದು ಬಹುಪಾಲು ಹಾಗಲಕಾಯಿ. ಹಿರಿಯರೊಬ್ಬರು, ವಾಯು ಆಗುತ್ತದೆಂದು ಎಷ್ಟೋ ಕಾಲದ ಹಿಂದೆ ಬಿಟ್ಟಿದ್ದ ಆಲೂಗಡ್ಡೆಯನ್ನೇ ಕಾಶಿಯಲ್ಲಿ ಇನ್ನೊಮ್ಮೆ ಬಿಟ್ಟು ಬಂದರು. ಎದುರುಮನೆಯ ಅಜ್ಜಿ ಬಿಟ್ಟದ್ದು ಕಬ್ಬು. ಆಗ ಆಕೆಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ.

ನಮ್ಮ ಅಪ್ಪ ಈ ಪರಂಪರೆಯವರೇ. ರೈಲಿನ ಟಿಕೀಟು ಕೈಗೆ ಬಂದ ದಿನವೇ, "ನಾ ಹಾಗಲಕಾಯಿ ಬಿಡಾಂವ" ಎಂದು ಪಡಸಾಲೆಯಲ್ಲಿ ನಿಂತು ಸಾರಿದರು. ಅವರು ಹಾಗಲಕಾಯಿ ತಿಂದದ್ದನ್ನು ನಾನಂತೂ ಕಂಡಿಲ್ಲ. ಅವ್ವ ಏನು ಬಿಡುತ್ತಾಳೆಂದು ಯಾರೂ ಕೇಳಲಿಲ್ಲ.

ಹೈದರಾಬಾದಿನಲ್ಲಿ ಕಂಪ್ಯೂಟರಿನ ಸುಗ್ಗಿ ನಡೆದಿದ್ದ ವರ್ಷಗಳು ಅವು. ಅಕ್ಕನ ಗಂಡನಿಗೂ ಆ ಸುಗ್ಗಿಗೂ ಸಂಬಂಧವಿರಲಿಲ್ಲ. ಅವರು ಬಾಲಾನಗರದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ಸೈರನ್ ಕೂಗಿದರೆ ಏಳುವವರು, ಸೈರನ್ ಕೂಗಿದರೆ ಮನೆಗೆ ಬರುವವರು. ಆದರೆ ಸುಗ್ಗಿಯ ಕಾಳು ಅಕ್ಕನ ಅಂಗಳಕ್ಕೂ ಸಿಡಿದಿತ್ತು. ಮಾಳಿಗೆಯ ಮೇಲೆ ಎರಡು ಕೋಣೆ ಕಟ್ಟಿಸಿ, ಸಾಫ್ಟ್‌ವೇರಿನಲ್ಲಿದ್ದ ಮೈಸೂರಿನ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದಳು. ನಾನು ಆಗ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ದಸರೆಯ ರಜೆಯಲ್ಲಿ ಅಪ್ಪ ಅವ್ವನನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗುವುದು, ಒಂದು ವಾರ ಊರು ಸುತ್ತುವುದು, ಆಮೇಲೆ ಅವರಿಬ್ಬರನ್ನೂ ಸಿಕಂದರಾಬಾದಿನಲ್ಲಿ ಯಾತ್ರೆಯ ತಂಡದ ಜೊತೆ ಕಾಶಿಯ ರೈಲು ಹತ್ತಿಸಿ ನಾನು ಅಕ್ಕನ ಮನೆಯಲ್ಲಿ ಹಾಯಾಗಿರುವುದು, ಇದು ನಮ್ಮ ಲೆಕ್ಕಾಚಾರ.

ಹೋದ ಮರುದಿನ ಬೆಳಿಗ್ಗೆ ನಾನೂ ಅವ್ವನೂ ಹಿತ್ತಲ ಕಟ್ಟೆಯ ಮೇಲೆ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದೆವು. ಅವ್ವ ಸೊಪ್ಪಿನಿಂದ ತಲೆ ಎತ್ತದೆ ಕೇಳಿದಳು.

"ಯವ್ವಾ, ನನಗ ಏನ ಸೇರತೈತಿ?"

"ಅಂದ್ರ?"

"ತಿನ್ನೂದರಾಗ. ಕಾಶ್ಯಾಗ ಬಿಡಬೇಕಲ್ಲ. ಅಷ್ಟ ದೂರ ಹೋಗಿ ಗಂಗಿ ಮುಂದ ನಿಂತು ಸುಳ್ಳ ಹೇಳಬಾರದವಾ. ಮನಸಿಗೆ ಸೇರಿದ್ದನ್ನ ಬಿಡಬೇಕು. ನನಗ ಸೇರೂದು ಯಾವುದು ಅಂತ ರೈಲಿನಾಗೂ ವಿಚಾರ ಮಾಡಿದೆ. ಒಂದೂ ಹೊಳೀಲಿಲ್ಲ."

ನಾನು ನಕ್ಕೆ. ಉತ್ತರ ಬಾಯಲ್ಲೇ ಇದೆ ಎಂಬ ಭರವಸೆಯಿಂದ ಬಾಯಿ ತೆರೆದೆ. ತೆರೆದ ಬಾಯಿ ಮುಚ್ಚಿಕೊಂಡು, ಸೊಪ್ಪು ಅಲ್ಲೇ ಬಿಟ್ಟು ಎದ್ದೆ.

ಒಳಗೆ ಹೋಗಿ ಅಕ್ಕನನ್ನು ಕೇಳಿದೆ. ಅಕ್ಕ ಹಿಟ್ಟು ನಾದುತ್ತಿದ್ದಳು. "ಹೋಳಿಗಿ" ಎಂದಳು ಥಟ್ಟನೆ. ಹೋಳಿಗೆ ಅಪ್ಪನದು. ಅಪ್ಪನಿಗೆ ಹೋಳಿಗೆ ಇಷ್ಟವೆಂದು ಅವ್ವ ಮಾಡುತ್ತಾಳೆ, ಹೂರಣ ಹರಿದು ಹೊರಗೆ ಬಂದದ್ದನ್ನು ತಾನು ತಿನ್ನುತ್ತಾಳೆ. "ಹಂಗಾರ ಎಣ್ಣಿಗಾಯಿ" ಎಂದಳು. ಎಣ್ಣೆಗಾಯಿ ನನ್ನದು. "ಕರ್ಚಿಕಾಯಿ?" ಅದು ಅವಳದೇ. ಒಂದೊಂದು ತಿನಿಸಿಗೂ ನಮ್ಮ ಮನೆಯಲ್ಲಿ ಒಬ್ಬೊಬ್ಬ ಒಡೆಯರಿದ್ದರು. ಕೊನೆಗೆ ಅಕ್ಕ, "ತಂಗಳ ರೊಟ್ಟಿ? ದಿನಾ ಮುಂಜಾನೆ ಮೊಸರು, ಶೇಂಗಾ ಚಟ್ನಿ ಹಚಗೊಂಡು ತಿಂತಾಳಲ್ಲ" ಎಂದಳು.

"ಅದು ಸೇರೂದಲ್ಲ, ಉಳಿದದ್ದು" ಎಂದು ನಾನು ರೇಗಿದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ, ಸುಳ್ಳೇನಲ್ಲ.

ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಅಪ್ಪನಿಗೂ ಕೇಳಿಸಿತ್ತು. "ನಿಮ್ಮವ್ವಗ ಎಲ್ಲಾ ಸೇರತೈತಿ" ಎಂದರು. "ಇಷ್ಟ ವರ್ಷದಾಗ ಒಂದ ದಿವಸರ ಇದು ಬ್ಯಾಡ ಅಂದಾಳೇನು?" ಅವರು ಅದನ್ನು ಹೊಗಳಿಕೆಯೆಂದೇ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಇಡೀ ಮನೆಯ ನಾಲಿಗೆಯ ಮರ್ಜಿ ಹಿಡಿದ ಹೆಂಗಸಿಗೆ ತನ್ನ ನಾಲಿಗೆಯ ಸಮಾಚಾರವೇ ಗೊತ್ತಿಲ್ಲ, ನಮಗೂ ಗೊತ್ತಿಲ್ಲ! ಹೈದರಾಬಾದಿನಲ್ಲಿ ತಿನ್ನುವುದಕ್ಕೆ ಕಡಿಮೆ ಏನಿದೆ, ರೈಲು ಹತ್ತುವುದರೊಳಗೆ ಅವ್ವನಿಗೆ ಸೇರುವಂಥದ್ದೊಂದನ್ನು ಹುಡುಕಿಯೇ ತೀರುತ್ತೇನೆ ಎಂದು ನಿರ್ಧರಿಸಿಬಿಟ್ಟೆ. ಚಾರ್ಮಿನಾರು, ಗೋಲ್ಕೊಂಡ ಎಲ್ಲ ನಮ್ಮ ಪ್ರವಾಸದಿಂದ ಅಲ್ಲಿಗೇ ಕಳಚಿಕೊಂಡವು.

ಮೊದಲ ದಿನ ಅಬಿಡ್ಸ್. ಅಪ್ಪ, ಅವ್ವ, ಅಕ್ಕ, ನಾನು, ನಾಲ್ವರೂ ಬಸ್ಸಿನಲ್ಲಿ ಹೋಗಿ, ಪುಸ್ತಕದ ಅಂಗಡಿಗಳ ಸಾಲು ದಾಟಿ ಒಂದು ಹಳೆಯ ಇರಾನಿ ಹೋಟೆಲಿಗೆ ನುಗ್ಗಿದೆವು. ಗಟ್ಟಿ ಹಾಲಿನ ಚಹಾ ಬಂತು, ಸಣ್ಣ ತಟ್ಟೆಯಲ್ಲಿ ಉಸ್ಮಾನಿಯಾ ಬಿಸ್ಕೀಟು ಬಂತು. ಸಿಹಿಯೋ ಉಪ್ಪೋ ಎಂದು ತೀರ್ಮಾನವಾಗುವುದರೊಳಗೆ ಬಾಯಲ್ಲಿ ಕರಗಿಹೋಗುವ ಬಿಸ್ಕೀಟು ಅದು. ಅವ್ವ ಅರ್ಧ ತಿಂದಳು. ಇನ್ನರ್ಧವನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು.

"ಅದ್ಯಾಕ ಕಟಗೊಂಡಿ?"

"ಅಳಿಯಂದ್ರಿಗೆ. ಪಾಪ, ಡ್ಯೂಟಿಯೊಳಗ ಅದಾರ."

"ಅವ್ವಾ, ಅವರು ಇದ ಊರಾಗ ಇರ್ತಾರ. ದಿನಾ ತಿಂತಾರ!"

ಅಲ್ಲಿಂದ ನಡೆದು ಮೊಜಂಜಾಹಿ ಮಾರ್ಕೆಟ್ಟಿಗೆ ಹೋದೆವು. ಸೀತಾಫಲದ ಕಾಲ. ಕಲ್ಲಿನ ಆ ಹಳೆಯ ಮಾರ್ಕೆಟ್ಟಿನ ಅಂಗಡಿಯೊಂದರಲ್ಲಿ ಸೀತಾಫಲದ ಐಸ್‌ಕ್ರೀಮು ಕೊಡಿಸಿದೆ. ಅಪ್ಪ ತಮ್ಮ ಬಟ್ಟಲನ್ನು ನೆಕ್ಕುವುದೊಂದು ಬಿಟ್ಟರು. ಅವ್ವ ಎರಡು ಚಮಚ ತಿಂದು, "ಬೀಜ ಒಂದೂ ಇಲ್ಲ ನೋಡು, ಎಷ್ಟು ಚಂದ ತಗದಾರ. ಯಾರೋ ಪಾಪ ಕೂತು ಬಿಡಿಸಿರಬೇಕು" ಎಂದಳು. ಮಿಕ್ಕದ್ದು ಅಪ್ಪನ ಬಟ್ಟಲಿಗೆ ಹೋಯಿತು. ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದರೆ, "ಚಲೋ ಐತಿ, ನಿಮ್ಮಪ್ಪಾರಿಗೆ ಸೇರತು" ಎಂಬ ಉತ್ತರ.

ಮರುದಿನ ನಾರಾಯಣಗೂಡ. ಕೋಚಿಂಗಿಗೆ ಹೊರಟ ಹುಡುಗರ ಗದ್ದಲದ ನಡುವೆ ಅಲ್ಲೊಂದು ಉಪ್ಪಿನಕಾಯಿಯ ಅಂಗಡಿ ಅಕ್ಕನಿಗೆ ಗೊತ್ತಿತ್ತು. ಅಂಗಡಿಯಾಕೆ ಜಾಡಿಯೊಂದರಿಂದ ಚೂರು ತೆಗೆದು, "ರುಚಿ ಚೂಡಂಡಿ ಅಮ್ಮಾ" ಎಂದು ಅಂಗೈಗೆ ಹಾಕುವಳು. ಆವಕಾಯಿ, ಹಣ್ಣುಮೆಣಸಿನಕಾಯಿ, ಗೋಂಗುರ. ಗೋಂಗುರವೆಂದರೆ ನಮ್ಮ ಪುಂಡಿಪಲ್ಲೆಯೇ, ಹೆಸರು ಮಾತ್ರ ಬೇರೆ. ಅವ್ವ ಪ್ರತಿಯೊಂದನ್ನೂ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಡುತ್ತಿದ್ದಳು. ಇದಕ್ಕೆ ಮೆಂತ್ಯ ಜಾಸ್ತಿ ಹುರಿದಿದ್ದಾರೆ. ಇದು ಮುಂದಿನ ಮಳೆಗಾಲಕ್ಕೆ ತಡೆಯುವುದಿಲ್ಲ. ಇದಕ್ಕೆ ಬೆಳ್ಳುಳ್ಳಿ ಹಸಿಯದು ಹಾಕಿದ್ದಾರೆ, ಇದು ಅಳಿಯಂದಿರಿಗೆ ಹಿಡಿಸುತ್ತದೆ.

ಅಲ್ಲಿ ನನಗೆ ತಿಳಿಯಿತು: ಅವ್ವ ಏನನ್ನು ಬಾಯಿಗೆ ಹಾಕಿಕೊಂಡರೂ ಅದನ್ನು ಮಾಡಿದವಳ ಜಾಗದಲ್ಲಿ ನಿಂತು ರುಚಿ ನೋಡುತ್ತಾಳೆ, ಇಲ್ಲವೇ ಮುಂದೆ ಅದನ್ನು ತಿನ್ನುವವರ ಪರವಾಗಿ. ನಡುವೆ ತಾನೊಬ್ಬಳು ತಿನ್ನುತ್ತಿದ್ದೇನೆ ಎಂಬುದು ಅವಳ ಗಮನಕ್ಕೇ ಬರುವುದಿಲ್ಲ. "ನಿನಗ ಹೆಂಗನಸ್ತು? ನಿನಗ?" ಎಂದು ಅಂಗಡಿಯಲ್ಲೇ ದನಿ ಏರಿಸಿದೆ. ಅವ್ವ ಗಾಬರಿಯಾಗಿ, "ಚಲೋ ಐತೆವಾ, ಸಿಟ್ಟಾಗಬ್ಯಾಡ" ಎಂದಳು. ಅಂಗಡಿಯಾಕೆ ತನ್ನ ಉಪ್ಪಿನಕಾಯಿಗೆ ನಾನು ಬೈಯುತ್ತಿದ್ದೇನೆಂದು ತಿಳಿದು ಮುಖ ತಿರುಗಿಸಿಕೊಂಡಳು.

ನಮ್ಮ ಈ ಹುಡುಕಾಟದ ಸುದ್ದಿ ಮಾಳಿಗೆ ಹತ್ತಿತು. ಶನಿವಾರ ಮೈಸೂರಿನ ಹುಡುಗಿ ಕೆಳಗಿಳಿದು ಬಂದು, "ಆಂಟಿ, ನೀವೆಲ್ಲ ಬರೀ ಹಳೇ ಊರಲ್ಲೇ ಸುತ್ತುತಾ ಇದೀರ. ನಾನು ಕರ್ಕೊಂಡು ಹೋಗ್ತೀನಿ ಬನ್ನಿ, ಅಲ್ಲಿ ಪ್ರಪಂಚದಲ್ಲಿರೋದೆಲ್ಲ ಸಿಗುತ್ತೆ" ಎಂದಳು. ಹೊಸದಾಗಿ ಕೊಂಡ ಪುಟ್ಟ ಕಾರು ಅವಳದು. ಊರಿನ ಆಚೆ, ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಡೆಗೆ ಕರೆದುಕೊಂಡು ಹೋದಳು. ಅಲ್ಲಿಯ ಅಂಗಡಿಯೊಳಗೆ ಮೈ ಕೊರೆಯುವಷ್ಟು ತಂಪು. ಅವ್ವ ಸೆರಗು ಹೊದ್ದುಕೊಂಡಳು. ಅಪ್ಪ ತಳ್ಳುಗಾಡಿ ಹಿಡಿದು, ಯಾರಿಗೂ ಬಿಟ್ಟುಕೊಡದೆ, ಬಹಳ ಗಂಭೀರವಾಗಿ ತಳ್ಳಿಕೊಂಡು ನಡೆದರು.

ಒಂದು ಕಡೆ ರುಚಿ ನೋಡಲು ಚಿಕ್ಕ ಚಿಕ್ಕ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಇಟ್ಟಿದ್ದರು. ಹುಡುಗಿ ಅವ್ವನಿಗೆ ಆಲಿವ್ ಕೊಟ್ಟಳು. ಅವ್ವ ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿದಳು, ಉಗುಳಲೂ ಆಗದೆ ನುಂಗಲೂ ಆಗದೆ ನಿಂತಳು. "ಬೇವಿನಕಾಯಿ ಉಪ್ಪಿನಾಗ ಹಾಕಿಟ್ಟಂಗ ಐತಿ" ಎಂದಳು ಕೊನೆಗೆ. ಅಪ್ಪನಿಗೆ ನೀಲಿ ಗೆರೆಯ ಚೀಸು ಸಿಕ್ಕಿತು. ಅವರು ಮೂಸಿ ನೋಡಿ, "ಇದು ಕೆಟ್ಟೈತ್ರಿ, ಇವರಿಗೆ ಯಾರರ ಹೇಳಬೇಕು" ಎಂದು ಅಂಗಡಿಯವರನ್ನು ಕರೆಯಲು ಹೊರಟರು. ಹುಡುಗಿ ಅವರನ್ನು ತಡೆದು ನಗುನಗುತ್ತಾ ಚೀಸು ಕೆಡಿಸುವುದೇ ಒಂದು ಕಲೆಯೆಂದು ತಿಳಿಸಿದಳು. "ಕತ್ತಿಗೇನ ಗೊತ್ತು ಕಸ್ತೂರಿ ಪರಿಮಳ ಅಂತೀಯೇನವಾ ನಮಗ" ಎಂದು ಅಪ್ಪ ತಾವೂ ನಕ್ಕರು.

ಅವಳು ಬುಟ್ಟಿ ತುಂಬಿಕೊಳ್ಳುತ್ತಿದ್ದಾಗ ಅವ್ವ ಅವಳನ್ನು ಕೇಳಿದಳು. "ನಿನಗ ಏನ ಸೇರತೈತೆವಾ, ಎಲ್ಲಾದ್ರಕಿಂತ ಹೆಚ್ಚು?"

"ನನಗಾ ಆಂಟಿ? ತುಪ್ಪದ ಮಸಾಲೆ ದೋಸೆ, ಚುರುಮುರಿ, ಕಾಫಿ, ಆಮೇಲೆ ಡಾರ್ಕ್ ಚಾಕಲೇಟು. ರಾತ್ರಿ ಹನ್ನೆರಡಕ್ಕೆ ಎಬ್ಬಿಸಿ ಕೊಟ್ರೂ ತಿಂತೀನಿ."

ಕಾರಿನಲ್ಲಿ ವಾಪಸು ಬರುವಾಗ ಅವ್ವ ನನ್ನ ಕಿವಿಯ ಹತ್ತಿರ, "ಎಷ್ಟ ಪಟ್ಟನ ಹೇಳಿದ್ಲು ನೋಡು. ಒಂದ ಕ್ಷಣ ವಿಚಾರ ಮಾಡಲಿಲ್ಲ" ಎಂದಳು. ಅವಳ ದನಿಯಲ್ಲಿ ಮೆಚ್ಚುಗೆ ಇತ್ತು. ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯರ ಬಗ್ಗೆ ಅವಳು ಹಾಗೆ ಮಾತಾಡುವುದನ್ನು ನಾನು ಕೇಳಿದ್ದೆ. ನನಗೆ ಆ ದಿನ ಬಹಳ ಬೇಸರವಾಯಿತು. ಇನ್ನು ಈ ಕೆಲಸ ನನ್ನಿಂದ ಆಗದು ಎನ್ನಿಸಿತು.

ರೈಲಿಗೆ ಎರಡು ದಿನ ಇರುವಾಗ ಅಕ್ಕ ದಾರಿಯ ಬುತ್ತಿಗೆ ಗೋಡಂಬಿ, ಒಣದ್ರಾಕ್ಷಿ ಬೇಕೆಂದಳು. ಅದಕ್ಕಾಗಿ ಬೇಗಂ ಬಜಾರಿಗೆ ಹೋದೆವು. ಈ ಸಲ ನಾನು ಅವ್ವನಿಗೆ ಏನೂ ಕೇಳಬಾರದೆಂದು ಬಾಯಿ ಬಿಗಿದುಕೊಂಡಿದ್ದೆ. ಒಣಹಣ್ಣಿನ ಅಂಗಡಿಗಳ ಓಣಿಯಲ್ಲಿ ಕೈಗಾಡಿಗಳೂ ಹಮಾಲರೂ ಸ್ಕೂಟರುಗಳೂ ಒಂದರೊಳಗೊಂದು ಸಿಕ್ಕಿಕೊಂಡು ನಿಂತಿದ್ದವು. ಅಂಗಡಿಯ ಗದ್ದಿಗೆಯ ಮೇಲೆ ಕೂತಿದ್ದ ಮುದುಕರು ಅವ್ವನ ಕಡೆಗೆ ಏನೋ ಚಾಚಿ, "ಲೇವ್ ಅಮ್ಮಾ, ಖಾಕೆ ದೇಖೋ" ಎಂದರು. ಹೈದರಾಬಾದಿನಲ್ಲಿ ಅವ್ವನಿಗೆ ಬೇಕಾಗುವ ಭಾಷೆಯೆಲ್ಲ ಒಂದೇ ಶಬ್ದದಲ್ಲಿತ್ತು. "ನಕ್ಕೋ" ಎಂದಳು. ಬೇಡ ಎನ್ನುವುದಕ್ಕೆ ಈ ಊರಿನ ಮಾತು. ಅವರು ಬಿಡಲಿಲ್ಲ, ಅವ್ವ ಕೈ ಒಡ್ಡಿದಳು.

ಅದು ಜರದಾಳು. ಇಲ್ಲಿಯವರ ಬಾಯಲ್ಲಿ ಖುಬಾನಿ. ಕಂದುಬಣ್ಣದ, ಸುಕ್ಕುಗಟ್ಟಿದ, ನೋಡಿದರೆ ತಿನ್ನಬೇಕೆಂದು ಅನ್ನಿಸದ ಒಣಹಣ್ಣು. ಇಲ್ಲಿ ಮದುವೆ ಊಟಗಳಲ್ಲಿ ಇದನ್ನು ಸಕ್ಕರೆಯಲ್ಲಿ ಬೇಯಿಸಿ ಮೇಲೆ ಕೆನೆ ಹಾಕಿ ಕೊಡುತ್ತಾರೆ. ಅಕ್ಕ ಅದನ್ನು ಕಲಿತಿದ್ದಳು. ಮನೆಯಲ್ಲೇ ಮಾಡೋಣವೆಂದು ಒಂದಿಷ್ಟು ಕಟ್ಟಿಸಿಕೊಂಡಳು.

ನೆನೆಸಿಟ್ಟ ಹಣ್ಣು ಮರುದಿನ ಉಬ್ಬಿ ಮೆತ್ತಗಾಗಿತ್ತು. ಅಕ್ಕ ತಿರುಳು ಬಿಡಿಸಿ ಒಲೆಯ ಮೇಲಿಟ್ಟಳು, ಬೀಜಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಅವ್ವನ ಮುಂದಿಟ್ಟಳು. ಬೀಜ ಒಡೆದರೆ ಒಳಗೆ ಸಣ್ಣ ಬಾದಾಮಿಯಂಥ ತಿರುಳಿರುತ್ತದೆ, ಅದನ್ನೂ ಮೇಲೆ ಉದುರಿಸಬೇಕು. ಅವ್ವ ಹಿತ್ತಲ ಕಟ್ಟೆಯಲ್ಲಿ ಕೂತು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಜವಿಟ್ಟು, ಖಾರ ಕುಟ್ಟುವ ಕಲಬತ್ತಿನ ಗುಂಡಿನಿಂದ ಟಕ್ ಟಕ್ ಎಂದು ಒಡೆಯತೊಡಗಿದಳು. ನಾನು ಬಾಗಿಲಲ್ಲಿ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದೆ. ಒಂದು ತಿರುಳು ಅರ್ಧಕ್ಕೆ ಒಡೆಯಿತು. ಒಡೆದದ್ದು ಪಾತ್ರೆಗೆ ಬೇಡವೆಂದು ಅವ್ವ ಬಾಯಿಗೆ ಹಾಕಿಕೊಂಡಳು.

ಕೈ ನಿಂತಿತು. ಅವ್ವ ಅಗಿದಳು, ನುಂಗಿದಳು, ಸುಮ್ಮನೆ ಎದುರಿನ ಗೋಡೆ ನೋಡಿದಳು. ಆಮೇಲೆ ಇನ್ನೊಂದು ಬೀಜ ಒಡೆದಳು. ಅದು ಇಡಿಯಾಗಿಯೇ ಬಂತು, ಅದನ್ನೂ ಬಾಯಿಗೆ ಹಾಕಿದಳು. ಇನ್ನೊಂದು. ಮತ್ತೊಂದು. ಅತ್ತಿತ್ತ ನೋಡಲಿಲ್ಲ, ಯಾರನ್ನೂ ಕರೆಯಲಿಲ್ಲ, ಕರವಸ್ತ್ರ ತೆಗೆಯಲಿಲ್ಲ. ನನ್ನನ್ನು ಕಂಡಾಗ ಬಾಯಿ ತುಂಬಿತ್ತು.

"ಯವ್ವಾ, ಇದು ಭಾಳ ಚಲೋ ಐತಿ" ಎಂದಳು. ಯಾರಿಗೆ ಸೇರುತ್ತದೆಂದು ಹೇಳಲಿಲ್ಲ. ನನಗೆ ಖುಷಿಯಾಯಿತು. ಮರುಕ್ಷಣವೇ ನನ್ನ ಸ್ವಭಾವಕ್ಕೆ ತಕ್ಕಂತೆ ಸಿಟ್ಟೂ ಬಂತು: ಇಷ್ಟು ದೊಡ್ಡ ಊರೆಲ್ಲ ಸುತ್ತಿಸಿದರೂ ಇವಳಿಗೆ ಸೇರಿದ್ದು ಎಲ್ಲರೂ ಉಗುಳುವ ಬೀಜವೇ!

"ಸಿಕ್ಕತಲ್ಲವಾ" ಎಂದಳು ಅವ್ವ, ಮುಖ ಅರಳಿಸಿ. "ಇನ್ನ ಚಿಂತಿ ಇಲ್ಲ. ಇದನ್ನ ಬಿಡತೀನಿ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹುಡುಕುವ ಹುಮ್ಮಸ್ಸಿನಲ್ಲಿ, ಹುಡುಕುತ್ತಿರುವುದು ಬಿಡುವುದಕ್ಕೆ ಎಂಬುದೇ ಮರೆತುಹೋಗಿತ್ತು. "ಹುಚ್ಚಿ ಅದೀ ಏನು! ಈಗ ಸಿಕ್ಕೈತಿ, ಈಗ ಬಿಡೂದ? ಕೈಗೆ ಬಂದ ತುತ್ತು ಬಾಯಿಗಿಲ್ಲಂದ್ರ ಹೆಂಗ?" ಎಂದು ಕೂಗಾಡಿದೆ. ಅಪ್ಪ ಒಳಗಿನಿಂದ ಬಂದರು, ಅಕ್ಕ ಸೌಟು ಹಿಡಿದುಕೊಂಡೇ ಬಂದಳು. ಅಪ್ಪ ಸಮಾಧಾನವಾಗಿ, "ನನ್ನಂಗ ಹಾಗಲಕಾಯಿ ಬಿಡು. ಇಬ್ಬರೂ ಒಂದ ಬಿಟ್ರ ಅಡಗಿಗೂ ಸಲೀಸು" ಎಂದರು.

"ನಿಮ್ಮ ಹಾಗಲಕಾಯಿ ನಿಮಗಿರಲಿ. ಗಂಗಿಗೇನು ತಿಳಿಯೂದಿಲ್ಲಂತ ತಿಳಕೊಂಡೀರೇನು?" ಎಂದಳು ಅವ್ವ. ಅವ್ವ ಅಪ್ಪನಿಗೆ ಎದುರು ಮಾತಾಡಿದ್ದು ಅಪರೂಪ. ಅಪ್ಪ ಪೇಪರಿನ ಹಿಂದೆ ಹೋದರು.

ನಾನೂ ಹಟದವಳೇ. ಆ ಸಂಜೆಯೇ ಆಟೋ ಹಿಡಿದು ಒಬ್ಬಳೇ ಬೇಗಂ ಬಜಾರಿಗೆ ಹೋಗಿ ದೊಡ್ಡ ಚೀಲದ ತುಂಬ ಜರದಾಳು ತಂದು, ಅಕ್ಕನ ಕಪಾಟಿನಲ್ಲಿ ಅವ್ವನಿಗೆ ಕಾಣುವ ಹಾಗೆ ಇಟ್ಟೆ. "ಇದು ನೀ ಬರೂತನಕ ಇಲ್ಲೇ ಇರತೈತಿ. ಬಂದ ಮ್ಯಾಲೆ ತಿನ್ನಬೇಕು. ಗಂಗಿಗೆ ಬ್ಯಾರೆ ಏನರ ಕೊಡು" ಎಂದೆ. ಅವ್ವ ನಕ್ಕಳು, ಮಾತು ಕೊಡಲಿಲ್ಲ. ಸಿಕಂದರಾಬಾದಿನಲ್ಲಿ ರೈಲು ಹೊರಟಾಗ ಕಿಟಕಿಯಿಂದ ಅವ್ವ ಕೈ ಬೀಸಿದಳು. ಇನ್ನೊಂದು ಕೈ ಅಡಿಕೆ ಸಂಚಿಯಲ್ಲಿತ್ತು. ಅದರಲ್ಲಿ ಅಡಿಕೆ ಇರಲಿಲ್ಲ, ಒಡೆದ ಜರದಾಳಿನ ತಿರುಳಿತ್ತು. ಗಂಗೆಯ ದಂಡೆ ಮುಟ್ಟುವ ತನಕವಾದರೂ ತಿನ್ನಲಿ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಬೀಜಕ್ಕಾಗಿ ಅತ್ತವಳು ಆ ಪ್ಲಾಟ್‌ಫಾರ್ಮಿನಲ್ಲಿ ನಾನೊಬ್ಬಳೇ ಇರಬೇಕು.

ಅವರು ಮರಳಿ ಬಂದದ್ದು ನನ್ನ ರಜೆ ಮುಗಿಯುವ ಹೊತ್ತಿಗೆ. ಗಂಗಾಜಲದ ಗಿಂಡಿ, ಕಾಶಿದಾರ, ವಿಭೂತಿ, ಬಿಸಿಲಿಗೆ ಕಪ್ಪಾದ ಮುಖ. ಅಪ್ಪ ಚಪ್ಪಲಿ ಬಿಡುತ್ತಲೇ, "ಹಾಗಲಕಾಯಿ ಬಿಟ್ಟೆ ನೋಡ್ರಿ. ಭಟ್ಟರ ಮುಂದ, ಸಂಕಲ್ಪ ಮಾಡಿ" ಎಂದು ಹೇಳಿದರು. ನಾನು ಅವ್ವನ ಮುಖ ನೋಡಿದೆ. ಅವ್ವ ಕಾಲು ತೊಳೆಯಲು ಹೋದಳು. ಕೇಳುವುದಕ್ಕೆ ನನಗೆ ಧೈರ್ಯವಾಗಲಿಲ್ಲ.

ಊಟಕ್ಕೆ ಅಕ್ಕ ಬಿಸಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ಎಂದಿನಂತೆ ಅವ್ವ ಕೊನೆಗೆ ಕೂರುತ್ತಾಳೆಂದು ನಾವು ಅಂದುಕೊಂಡಿದ್ದೆವು. ಅವ್ವ ಅಪ್ಪನ ಪಕ್ಕದಲ್ಲಿ ಬಂದು ಕೂತಳು. ದಣಿದಿದ್ದಾಳೆ ಎಂದುಕೊಂಡು ಅಕ್ಕ ಅವಳಿಗೂ ತಟ್ಟೆ ಇಟ್ಟಳು, ಪಲ್ಯ ಬಡಿಸಿದಳು, ಆಮೇಲೆ ರೂಢಿಯ ಬಲದಿಂದ ಬುಟ್ಟಿಯಲ್ಲಿದ್ದ ನಿನ್ನೆಯ ರೊಟ್ಟಿ ತೆಗೆದು ಅವ್ವನ ತಟ್ಟೆಯ ಕಡೆ ಕೈ ಚಾಚಿದಳು. ಅವ್ವ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

"ನಕ್ಕೋ" ಎಂದಳು.

ಅಕ್ಕ ರೊಟ್ಟಿ ಹಿಡಿದುಕೊಂಡೇ ನಿಂತಳು.

"ಅದನ್ನ ಬಿಟ್ಟ ಬಂದೀನಿ, ತಂಗಳಾ."

ಮೊದಲು ಬಾಯಿ ಬಿಟ್ಟವರು ಅಪ್ಪ. "ತಂಗಳಾ ಬಿಡೂದಂದ್ರೇನು? ಅದೇನ ಹಣ್ಣೇನು, ಕಾಯಿಪಲ್ಲೆ ಏನು? ಹಂಗೆಲ್ಲಾ ಬಿಡಾಕ ಬರತೈತೇನು?"

"ಸೇರಿದ್ದು ಬಿಡಬೇಕಂದ್ರು, ಬಿಟ್ಟೆ" ಎಂದಳು ಅವ್ವ. "ಸಂಚ್ಯಾಗ ಜರದಾಳಿನ ಬೀಜ ಇದ್ದುವು. ಅದನ್ನ ಬಿಡಬೇಕಂತ ನೀರಿನಾಗ ಇಳಿದೆ. ಆದರ ಅದು ಮೊನ್ನೆ ಸಿಕ್ಕದ್ದು. ಅದನ್ನ ಬಿಟ್ರ ನನಗೇನ ತ್ರಾಸ? ಯಾವುದು ಬಿಟ್ರ ನನಗ ಖರೇನ ತ್ರಾಸ ಆಗತೈತಿ ಅಂತ ಕೇಳಿಕೊಂಡೆ. ಮುಂಜಾನೆದ್ದು ಮೊಸರು ಹಾಕ್ಕೊಂಡು, ಶೇಂಗಾ ಚಟ್ನಿ ಹಚಗೊಂಡು ತಿನ್ನೂ ತಂಗಳ ರೊಟ್ಟಿ ನೆನಪಾತು. ಬಾಯಾಗ ನೀರ ಬಂತು. ಅದನ್ನ ಬಿಟ್ಟೆ."

ಉಳಿದದ್ದನ್ನು ತಿನ್ನುವ ಕರ್ಮದಿಂದ ಅವ್ವ ಕೊನೆಗೂ ಪಾರಾದಳು ಎಂದು ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಅವಳ ಕಣ್ಣು ಅಕ್ಕನ ಕೈಯಲ್ಲಿದ್ದ ರೊಟ್ಟಿಯ ಮೇಲಿತ್ತು. ಅವಳು ನಿಜವಾಗಿ ಆಸೆಯಿಂದ ಅದನ್ನು ನೋಡುತ್ತಿದ್ದಳು. ಅಕ್ಕ ಮೊದಲ ದಿನವೇ ಹೇಳಿದ್ದಳು, ನಾನು ಅವಳ ಬಾಯಿ ಮುಚ್ಚಿಸಿದ್ದೆ.

"ಅದು ಉಳಿದದ್ದಲ್ಲೇನವಾ? ಸೇರೂದು ಹೆಂಗಾತು?" ಎಂದೆ.

"ಮೊದಲ ಉಳಿದದ್ದ. ಬ್ಯಾರೆ ಗತಿ ಇರಲಿಲ್ಲಂತ ತಿಂದೆ. ತಿನಕೋತ ತಿನಕೋತ ಸೇರಾಕತ್ತು" ಎಂದಳು ಅವ್ವ. ಆಮೇಲೆ ಪಕ್ಕಕ್ಕೆ ತಿರುಗಿ, "ನಿಮ್ಮಪ್ಪಾರೂ ಹಂಗ" ಎಂದಳು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು. ನಾನು ನಕ್ಕು ನಕ್ಕು ಕೆಮ್ಮಿದೆ. ಅಪ್ಪ ಮಾತ್ರ ನಗಲಿಲ್ಲ. ಅಕ್ಕ ಬುಟ್ಟಿಗೆ ಹಾಕಿ ಹೋಗಿದ್ದ ನಿನ್ನೆಯ ರೊಟ್ಟಿಯನ್ನು ತಮ್ಮ ತಟ್ಟೆಗೆ ಎಳೆದುಕೊಂಡು, ಮೊಸರು ಹಾಕಿಕೊಂಡು, ಚಟ್ನಿ ಹಚ್ಚಿಕೊಂಡು, ಒಂದು ತುತ್ತು ಬಾಯಿಗಿಟ್ಟರು. ಬಹಳ ಹೊತ್ತು ಅಗಿದರು. "ಖರೇನ ಚಲೋ ಐತಿ" ಎಂದರು ಮೆಲ್ಲಗೆ. ಅಕ್ಕ ಒಳಗಿನಿಂದ ಉಬ್ಬಿದ ಬಿಸಿರೊಟ್ಟಿ ತಂದು ಅವ್ವನ ತಟ್ಟೆಗೆ ಹಾಕಿದಳು. ಅವ್ವ ಅದರಿಂದ ಎದ್ದ ಹಬೆಗೆ ಕೈ ಹಿಂದಕ್ಕೆ ತೆಗೆದಳು. ಅಷ್ಟು ಬಿಸಿಯ ರೊಟ್ಟಿ ಬಡಿಯುವುದು ಗೊತ್ತಿತ್ತೇ ಹೊರತು ಅಷ್ಟು ಬಿಸಿಯದನ್ನು ಮುರಿಯುವ ಅಭ್ಯಾಸ ಅವಳಿಗಿರಲಿಲ್ಲ.

ಧಾರವಾಡದ ಮನೆಯಲ್ಲಿ ಆಮೇಲೆ ಅವ್ವ ಎಲ್ಲರ ಜೊತೆಗೇ ಉಣ್ಣಲು ಕೂರತೊಡಗಿದಳು. ಉಳಿದರೆ ತಾನು ತಿನ್ನುವ ಹಾಗಿಲ್ಲ, ಹೀಗಾಗಿ ಹಿಟ್ಟಿಗೆ ಕೈ ಹಾಕುವ ಮೊದಲು ಯಾರು ಎಷ್ಟು ತಿನ್ನುತ್ತೀರೆಂದು ಕೇಳುವ ಪದ್ಧತಿ ಬಂತು. ಆದರೂ ಒಂದೆರಡು ರೊಟ್ಟಿ ಉಳಿಯುತ್ತಲೇ ಇದ್ದವು. ಅವು ಅಪ್ಪನ ಪಾಲು. ಬೆಳಿಗ್ಗೆ ಅವರು ಮೊಸರು ಹಾಕಿಕೊಂಡು ತಿನ್ನುವಾಗ ಅವ್ವ ಎದುರಿಗೆ ಕೂತು, ಇನ್ನೊಂದು ಚೂರು ಚಟ್ನಿ ಹಾಕಿಕೊಳ್ಳಿ, ಹಾಗಲ್ಲ, ಮುರಿದು ನೆನೆಸಿರಿ ಎಂದು ಹೇಳಿಕೊಡುತ್ತಿದ್ದಳು. ಒಂದು ಸಲವೂ ಮುಟ್ಟಲಿಲ್ಲ.

ಕಪಾಟಿನಲ್ಲಿಟ್ಟಿದ್ದ ಜರದಾಳಿನ ಚೀಲ ನಮ್ಮ ಜೊತೆ ಊರಿಗೆ ಬಂದು ಬೇಗನೇ ಮುಗಿಯಿತು. ಅದಾದ ಮೇಲೆ ಹೈದರಾಬಾದಿಗೆ ಹೋಗುವವರು ಯಾರೇ ಬಾಗಿಲಿಗೆ ಬಂದು, ಮಗಳಿಗೇನಾದರೂ ಕಳಿಸುವುದಿದೆಯೇ, ಅಲ್ಲಿಂದೇನಾದರೂ ತರಬೇಕೇ ಎಂದು ಕೇಳಿದರೆ ಅವ್ವ ತಡೆಯುವುದಿಲ್ಲ.

"ಜರದಾಳು ತೊಗೊಂಡ ಬರ್ರಿ" ಎನ್ನುತ್ತಾಳೆ. "ಬೀಜ ಇರೂವು. ನನಗ."